ಎರಡನೇ ಬರೋಣ

ನನ್ನ ಗಂಡ ಸತ್ಯಮಿತ್ರ ಅವರಿಗೆ ಒಂದು ಹುಚ್ಚಿತ್ತು. ಯಾವ ಸಿನಿಮಾಕ್ಕೆ ಹೋದರೂ ಅದರಲ್ಲಿ ಅವರಿಗೆ ಯೇಸುಸ್ವಾಮಿ ಕಾಣಬೇಕು. ಭಕ್ತಿಯ ಚಿತ್ರಗಳಲ್ಲಾದರೆ ಸರಿ, ಯಾರಿಗಾದರೂ ಕಾಣುತ್ತಾರೆ. ಇವರಿಗೆ ಅಂಥವು ರುಚಿಸುತ್ತಲೇ ಇರಲಿಲ್ಲ. ಲಾಂಗು ಮಚ್ಚು ಹಿಡಿದು ಓಡಾಡುವ, ಹೀರೋ ಕೈ ಎತ್ತಿದರೆ ಸುಮೋ ಗಾಡಿಗಳು ಹಾರಿ ಬೀಳುವ, ದಾಸರಹಳ್ಳಿ ಹುಡುಗರು ಪೇಪರ್ ಹರಿದು ಮೇಲಕ್ಕೆ ತೂರುವ ಚಿತ್ರಗಳೇ ಬೇಕು. ಅಂಥ ಕಡೆ ಹೋಗಿ ಕೂತು ಕರ್ತನನ್ನು ಹುಡುಕುವ ಮನುಷ್ಯನ ಪಕ್ಕದಲ್ಲಿ ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಡಲೆಕಾಯಿ ಸುಲಿಯುತ್ತಾ ಕೂತಿದ್ದೇನೆ.

ಒಂದು ಚಿತ್ರದಲ್ಲಿ ಪೊಲೀಸರು ಹೀರೋನನ್ನು ಹುಡುಕಿಕೊಂಡು ಒಂದು ಕೋಳಿ ಅಂಗಡಿಗೆ ಬರುತ್ತಾರೆ. ಅಲ್ಲಿ ಅವನ ಜೊತೆಗಾರ, ಕಾಮಿಡಿ ಪಾತ್ರದವನು, ಹೆದರಿಕೊಂಡು "ಅವನ್ಯಾರೋ ನಂಗೊತ್ತಿಲ್ಲ ಸಾರ್" ಎನ್ನುತ್ತಾನೆ. ಇನ್ಸ್‌ಪೆಕ್ಟರ್ ಮತ್ತೆ ಕೇಳುತ್ತಾನೆ, ಇವನು ಮತ್ತೆ ಗೊತ್ತಿಲ್ಲ ಎನ್ನುತ್ತಾನೆ. ಥಿಯೇಟರಿಗೆ ಥಿಯೇಟರೇ ನಗುತ್ತಿರುವಾಗ ಇವರು ಮೊಣಕೈಯಿಂದ ನನ್ನನ್ನು ತಿವಿದು, "ಇನ್ನೊಂದ್ಸಲ ಅಂತಾನೆ ನೋಡು, ಆಮೇಲೆ ಕೋಳಿ ಕೂಗುತ್ತೆ" ಎಂದರು. ಅವನು ಇನ್ನೊಂದು ಸಲ ಅಂದ. ಬೋನಿನೊಳಗಿನ ಹುಂಜ ಕೂಗಿತು. ಶಿಷ್ಯನೊಬ್ಬ ತನ್ನ ಗುರುವನ್ನು ಮೂರು ಸಲ ಅರಿಯೆನೆಂದು ಹೇಳಿದ ರಾತ್ರಿಯೂ ಕೋಳಿ ಕೂಗಿತ್ತು ಎಂಬುದು ಸಂಡೇ ಸ್ಕೂಲಿಗೆ ಹೋದ ಮಕ್ಕಳಿಗೆಲ್ಲ ಗೊತ್ತು. ನಿರ್ದೇಶಕನಿಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನನ್ನ ಗಂಡ ಕರ್ಚೀಫು ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸಾಮಾನ್ಯವಾಗಿ ಅವರು ಒಳಗೆ ಏನೂ ಹೇಳುತ್ತಿರಲಿಲ್ಲ, ಆ ಕೋಳಿಯ ದಿನ ತಡೆಯಲಾಗಲಿಲ್ಲ ಅಷ್ಟೆ. ಆಟ ಬಿಟ್ಟ ಮೇಲೆ ಜಾಲಹಳ್ಳಿ ಕ್ರಾಸಿಗೆ ಬಂದು, ಮೆಟ್ರೋ ಕೆಳಗಿನ ಅಂಗಡಿಯಲ್ಲಿ ಟೀ ತಗೊಂಡು, ಮೊದಲ ಗುಟುಕು ಒಳಗಿಳಿದ ಮೇಲೆಯೇ ಬಾಯಿ ಬಿಡುವುದು. "ಎಲ್ಲಿದ್ದ ಹೇಳು ನೋಡೋಣ?" ಎಂದು ಕೇಳುವರು. ನಾನು "ಯಾರು, ವಿಲನ್ನಾ?" ಎಂದು ರೇಗಿಸುವೆ. ಆಮೇಲೆ ಅವರು ಹೇಳುವರು. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ಸಿನಿಮಾ ನೋಡುವುದಕ್ಕಲ್ಲ, ಆ ಟೀ ಹೊತ್ತಿನಲ್ಲಿ ಇವರ ಮುಖ ನೋಡುವುದಕ್ಕೆ. ಪಂಪ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು, ಉಗುರಿನ ಸಂದಿಯಲ್ಲಿ ಸದಾ ಗ್ರೀಸು, ಆದರೆ ಆಗ ಮುಖ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಚರ್ಚಿನ ಸಭೆ ಸೇರುತ್ತದೆ. ಅಲ್ಲಿ ಇವರ ಹುಚ್ಚು ಎಲ್ಲರಿಗೂ ಗೊತ್ತಿತ್ತು. ಹುಡುಗರಿಗೆ ಖುಷಿ. ಹಿರಿಯರಾದ ಐಸಾಕಪ್ಪನವರಿಗೆ ಮಾತ್ರ ಮೈ ಉರಿಯುತ್ತಿತ್ತು. "ಥಿಯೇಟರಲ್ಲಿ ಕರ್ತನಿಗೇನ್ರೀ ಕೆಲಸ?" ಎಂದು ಒಂದು ಭಾನುವಾರ ಎಲ್ಲರೆದುರು ಕೇಳಿದರು. ಇವರು ಮೆಲ್ಲಗೆ, "ಪಾಪಿಗಳು ಜಾಸ್ತಿ ಇರೋ ಕಡೆ ತಾನೆ ಸಾರ್ ಅವನು ಹೋಗೋದು" ಎಂದರು. ಐಸಾಕಪ್ಪನವರು ಎರಡು ತಿಂಗಳು ಇವರ ಹತ್ತಿರ ಮಾತು ಬಿಟ್ಟಿದ್ದರು.

ಕೊನೆಯದಾಗಿ ನಾವು ನೋಡಿದ್ದು ಹೋದ ವರ್ಷ, ಒಂದು ಶನಿವಾರದ ಮ್ಯಾಟಿನಿ. ಅಷ್ಟು ದರಿದ್ರ ಸಿನಿಮಾವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಹೀರೋ ಅಗಸರ ಕೇರಿಯ ಹುಡುಗನಂತೆ, ಮೊದಲ ಎಂಟ್ರಿ ಕತ್ತೆಯ ಮೇಲೆ. ಕೇರಿಯವರೆಲ್ಲ ಒಗೆದ ಬಟ್ಟೆಗಳನ್ನು ಬೀಸಿ ಕುಣಿಯುತ್ತಾರೆ, ಒಂದು ಹಾಡು. ಇಂಟರ್‌ವಲ್ಲಿಗೆ ಮುಂಚೆ ಅವನನ್ನು ಹೊಡೆದು ಸಾಯಿಸುತ್ತಾರೆ. ಸತ್ತ ಅಂದಮೇಲೆ ಮನೆಗೆ ಹೋಗಲು ಬಿಡಬಹುದಿತ್ತು, ಇಲ್ಲ. ಎರಡನೇ ಅರ್ಧ ಪೂರ್ತಿ ಕೇರಿಯವರು ಅವನು ಬರುತ್ತಾನೆ ಬರುತ್ತಾನೆ ಎಂದು ಅಳುತ್ತಾರೆ. ಕ್ಲೈಮ್ಯಾಕ್ಸಿನಲ್ಲಿ ಅವನೇ, ಮೈಮೇಲೆ ಒಂದು ಗೀರು ಕೂಡ ಇಲ್ಲದೆ, ಬಿಳಿ ಕುದುರೆ ಏರಿಕೊಂಡು ಪೀಣ್ಯದ ಫ್ಲೈಓವರ್ ಮೇಲೆ ಬರುತ್ತಾನೆ. ಅವನು ಹೇಗೆ ಬದುಕಿದ, ಕುದುರೆ ಯಾರದು, ಒಂದಕ್ಕೂ ಉತ್ತರವಿಲ್ಲ. "ಕುದುರೆಗೆ ಟೋಲ್ ಎಷ್ಟು ಕೊಟ್ನಂತೆ?" ಎಂದು ನಾನು ಗೊಣಗಿದೆ. ಇವರು ಕೇಳಿಸಿಕೊಳ್ಳಲಿಲ್ಲ. ತೆರೆಯ ಮೇಲೆ ಹೆಸರುಗಳೆಲ್ಲ ಮುಗಿಯುವವರೆಗೂ ಕೂತೇ ಇದ್ದರು.

ಅವತ್ತು ಇವರಿಗೆ ರಾತ್ರಿ ಪಾಳಿ. ಜಾಲಹಳ್ಳಿ ಕ್ರಾಸಿಗೆ ನಾವು ಬರುವಷ್ಟರಲ್ಲಿ ಕಂಪನಿಯ ವ್ಯಾನು ಬಂದು ನಿಂತುಬಿಟ್ಟಿತ್ತು. ಟೀ ಕುಡಿಯಲು ಆಗಲಿಲ್ಲ. ಇವರು ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದರು. ಲಾರಿಗಳ ಹಾರನ್ನು, ಮೇಲೆ ಮೆಟ್ರೋ ಸದ್ದು. ಅದರ ನಡುವೆ "ಎರಡನೇ ಬರೋಣ ಕಣೇ ದಯಾ" ಎಂದದ್ದು ಕೇಳಿತು.

ಎರಡನೇ ಸಲ ಬರೋಣ ಎನ್ನುತ್ತಿದ್ದಾರೆ, "ಸಲ" ಎಂಬುದನ್ನು ಹಾರನ್ನು ನುಂಗಿತು ಎಂದುಕೊಂಡೆ. ನನಗೆ ರೇಗಿಹೋಯಿತು. "ಈ ದರಿದ್ರಕ್ಕೆ ಇನ್ನೊಂದ್ಸಲವಾ? ಬರೋದಾದ್ರೆ ನೀವೇ ಬನ್ನಿ" ಎಂದು ಕೂಗಿದೆ.

ಇವರು ನಕ್ಕರು. ಸುಮ್ಮನೆ ಮುಗುಳ್ನಗೆ ಅಲ್ಲ, ವ್ಯಾನಿನ ಬಾಗಿಲು ಹಿಡಿದುಕೊಂಡು, ತಲೆ ಹಿಂದಕ್ಕೆ ಹಾಕಿ ನಕ್ಕರು. ಒಳಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ವ್ಯಾನು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾಳೆ ಹೇಳ್ತೀನಿ" ಎಂದರು.

ಆ ನಾಳೆ ಬರಲಿಲ್ಲ. ಪಾಳಿಯಲ್ಲೇ ಮಷೀನಿನ ಪಕ್ಕ ಕುಸಿದರಂತೆ. ಹೃದಯ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ನಮಗೆ ಮಕ್ಕಳಿಲ್ಲ. ನಾನು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ, ಹೊಲಿಗೆಗೆ ಬರುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಹಗಲೆಲ್ಲ ಕಿವಿ ಕಿತ್ತುಹೋಗುವಷ್ಟು ಗಲಾಟೆ. ಸಂಜೆ ಗಂಟೆ ಬಾರಿಸಿದ ಮೇಲೆ ಒಬ್ಬೊಬ್ಬ ತಾಯಿಯೇ ಬಂದು ತನ್ನದನ್ನು ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ನಾನು ತೊಟ್ಟಿಲುಗಳ ಬಟ್ಟೆ ಮಡಿಸುತ್ತೇನೆ. ಒಂಟಿತನ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಬಟ್ಟೆ ಮಡಿಸುವ ಹೊತ್ತನ್ನು ತೋರಿಸುತ್ತೇನೆ. ಅಲ್ಲಿಂದ ಮನೆಗೆ ನಡೆಯುವ ದಾರಿಯಲ್ಲಿ ಥಿಯೇಟರ್ ಸಿಗುತ್ತದೆ. ಪೋಸ್ಟರು ಪ್ರತಿ ಶುಕ್ರವಾರ ಬದಲಾಗುತ್ತದೆ. ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತೇನೆ.

ವರ್ಷವಿಡೀ ಎರಡು ವಿಷಯ ನನ್ನನ್ನು ಕಾಡಿದವು. ಒಂದು, ಅವರು ಇನ್ನೊಂದು ಸಲ ಬರೋಣ ಎಂದು ಕರೆದಿದ್ದರು, ನಾನು ಒಲ್ಲೆ ಎಂದಿದ್ದೆ. ಇನ್ನೊಂದು ಅದಕ್ಕಿಂತ ಕಷ್ಟದ್ದು. ಕರೆದದ್ದಕ್ಕೆ ಹೆಂಡತಿ ಬೈದರೆ ಯಾರಾದರೂ ಹಾಗೆ ನಗುತ್ತಾರೆಯೇ? ಆ ನಗುವಿನ ಮೇಲೆ ನನಗೆ ಸಿಟ್ಟಿತ್ತು. ನನ್ನನ್ನು ಹೊರಗಿಟ್ಟು ನಕ್ಕು ಹೋದರು ಎಂದು ಹಾಸಿಗೆಯಲ್ಲಿ ಅವರೊಂದಿಗೆ ಜಗಳವಾಡಿದ್ದೇನೆ.

ವರ್ಷದ ಸ್ಮರಣೆ ಹತ್ತಿರ ಬಂದಾಗ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಮನೆಗೆ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಪ್ರಾರ್ಥನೆ ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದು ಮಾತಾಯಿತು. ಎದ್ದು ಹೊರಡುವಾಗ ಅವರು, "ದಯಾವತಿಯಮ್ಮಾ, ಈ ಸಲ ಸಾಕ್ಷಿ ನೀವೇ ಹೇಳ್ಬೇಕು. ಸತ್ಯಮಿತ್ರ ಅವ್ರು ಕೊನೇ ಸಿನಿಮಾದಲ್ಲಿ ಏನು ಕಂಡ್ರು ಅನ್ನೋದನ್ನೇ ಹೇಳಿ. ಹುಡುಗರೆಲ್ಲ ಕೇಳ್ತಿದಾರೆ" ಎಂದರು.

ಸಾಕ್ಷಿ ಎಂದರೆ ಕರ್ತನನ್ನು ಕಂಡ ಬಗೆಯನ್ನು ಸಭೆಯ ಮುಂದೆ ನಿಂತು ಹೇಳುವುದು. ನಾನು ಹೂಂ ಎಂದುಬಿಟ್ಟೆ. ನನಗೆ ಅವರು ಹೇಳಿಯೇ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹಾಗೆಂದರೆ ಅವರ ಕೊನೆಯ ಮಾತು ನನಗೆ ಸಿಗಲಿಲ್ಲ ಎಂದು ಊರಿಗೆಲ್ಲ ಒಪ್ಪಿಕೊಂಡ ಹಾಗೆ. ಹೇಗಾದರೂ ಮಾಡಿ ಅವರು ಕಂಡದ್ದನ್ನು ನಾನು ಕಾಣಲೇಬೇಕಿತ್ತು.

ಅಷ್ಟರಲ್ಲಿ ಆ ಸಿನಿಮಾ ಟಿವಿಗೆ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಹಾಕಿಕೊಂಡು ಕೂತೆ. ಪಕ್ಕದ ಮನೆಯ ಸಿದ್ದಕ್ಕನನ್ನೂ ಕರೆದೆ, ಒಬ್ಬಳೇ ನೋಡುವ ಧೈರ್ಯ ನನಗಿರಲಿಲ್ಲ. ಸಿದ್ದಕ್ಕ ಯಾದಗಿರಿ ಕಡೆಯವಳು. ಗಂಡ ನೀಲಪ್ಪ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಇವಳು ಜೋಳದ ರೊಟ್ಟಿ ತಟ್ಟಿ ಖಾನಾವಳಿಗೆ ಕೊಡುತ್ತಾಳೆ. ಅವಳಿಗೆ ನಮ್ಮ ದೇವರ ವಿಷಯ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅವಳ ಮನೆಯ ಶರಣಬಸಪ್ಪನ ಫೋಟೋಕ್ಕೆ ದಿನಾ ಊದುಬತ್ತಿ ಹಚ್ಚುವವಳು.

ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹೊಡೆದಾಟದಲ್ಲಿ ಹುಡುಕಿದೆ, ತಾಯಿ ಅಳುವಲ್ಲಿ ಹುಡುಕಿದೆ, ಐಟಂ ಹಾಡಿನಲ್ಲೂ ಬಿಡಲಿಲ್ಲ. ಏನೂ ಇಲ್ಲ. ಬರೀ ಸಿನಿಮಾ. ಮುಗಿಯುವಾಗ ನನಗೆ ಅಳು ಬಂದಿತ್ತು.

"ನಿಂಗೇನಾದ್ರೂ ಕಾಣ್ತಾ ಸಿದ್ದಕ್ಕ?" ಎಂದು ಕೇಳಿದೆ. ಯಾರನ್ನು ಏನು ಕೇಳುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು.

"ಕಾಣಾಕೇನೈತ್ರಿ ಅಕ್ಕಾರ? ಮೊದಲ ಕತ್ತಿ ಮ್ಯಾಲ ಬಂದಾಂವ ಆಮ್ಯಾಲ ಕುದುರಿ ಮ್ಯಾಲ ಬಂದ. ಪಗಾರ ಹೆಚ್ಚಾಗಿರಬೇಕು" ಎಂದಳು. ಆಮೇಲೆ ಸೆರಗು ಕೊಡವಿ, ಹಿಟ್ಟು ನಾದಬೇಕೆಂದು ಹೊರಟುಹೋದಳು.

ಸ್ಮರಣೆಯ ಪ್ರಾರ್ಥನೆಯನ್ನು ಶನಿವಾರ ಇಟ್ಟುಕೊಂಡೆವು. ಸಂಜೆ ಸಭೆಯವರು ಬಂದರು. ಕುರ್ಚಿ ಸಾಲಲಿಲ್ಲ, ಹುಡುಗರು ಚಾಪೆಯ ಮೇಲೆ ಕೂತರು. ಐಸಾಕಪ್ಪನವರಿಗೆ ಮಂಡಿ ನೋವು, ಅವರಿಗೆ ನನ್ನ ಗಂಡನ ಈಸಿಚೇರು ಕೊಟ್ಟೆ. ಕೊಡುವಾಗ ಮನಸ್ಸಿಗೆ ಹಿಂಸೆಯಾಯಿತು, ಆದರೂ ಕೊಟ್ಟೆ. ಸಿದ್ದಕ್ಕ ಕೇಸರಿಬಾತು ಮಾಡಲು ಸಹಾಯಕ್ಕೆ ಬಂದಿದ್ದವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ನಾನು ಅವಳ ಪಕ್ಕದಲ್ಲಿ ನಿಂತೆ.

ಹಾಡಾಯಿತು, ಬೈಬಲಿನ ವಾಕ್ಯ ಓದಿದ್ದಾಯಿತು. ಸಾಕ್ಷಿಗೆಂದು ಒಂದು ಸುಳ್ಳನ್ನು ತಯಾರು ಮಾಡಿಕೊಂಡಿದ್ದೆ. ಹೀರೋ ತನ್ನ ಪ್ರಾಣ ಕೊಟ್ಟ, ಯೇಸುವೂ ಕೊಟ್ಟ, ಎಂಬಷ್ಟು. ಯಾವ ಸಿನಿಮಾಕ್ಕಾದರೂ ಅಂಟಿಸಬಹುದಾದ ಮಾತು. ನನ್ನ ಗಂಡ ಕೇಳಿದ್ದರೆ ಟೀ ಪಕ್ಕಕ್ಕಿಟ್ಟು ಎದ್ದುಹೋಗುತ್ತಿದ್ದರು.

ಅಯ್ಯನವರು ಪ್ರಾರ್ಥನೆ ಮುಗಿಸುವ ಹಂತಕ್ಕೆ ಬಂದರು. ನಮ್ಮ ಸಭೆಯಲ್ಲಿ ಪ್ರಾರ್ಥನೆಯ ಕೊನೆಗೆ ಒಂದು ರೂಢಿ ಇದೆ. ಸಭಾಪಾಲಕರು, "ನಿನ್ನ ಎರಡನೆಯ ಬರೋಣಕ್ಕಾಗಿ ಎದುರುನೋಡುತ್ತೇವೆ" ಎನ್ನುತ್ತಾರೆ. ನಾವೆಲ್ಲ ಒಟ್ಟಿಗೆ "ಬಾ, ಕರ್ತನೇ" ಎನ್ನುತ್ತೇವೆ. ಅವರು ಅಂದರು, ನಾವೂ ಅಂದೆವು. ಚಿಕ್ಕಂದಿನಿಂದ ಅಂದು ಅಂದು ಬಾಯಿಗೆ ಅಂಟಿಹೋದದ್ದು, ಅರ್ಥ ಯಾರು ನೋಡುತ್ತಾರೆ.

ಸಿದ್ದಕ್ಕ ನನ್ನ ಸೀರೆಯ ನೆರಿಗೆ ಎಳೆದಳು. ನಾನು ಬಗ್ಗಿದೆ. ಅವಳು ಕಿವಿಯಲ್ಲಿ, "ಅಕ್ಕಾರ, ಅಯ್ಯಾರು ಎರಡನೇ ಸಲ ಎಲ್ಲಿಗೆ ಬರೂಣು ಅನ್ನಾಕತ್ತಾರ್ರೀ?" ಎಂದು ಕೇಳಿದಳು.

"ಎಲ್ಲಿಗೂ ಅಲ್ಲ, ಸುಮ್ನಿರು" ಎಂದೆ. "ಹಂಗಲ್ಲ ಅದು. ಬರೋಣ ಅಂದ್ರೆ..."

ಮುಂದೆ ಹೇಳಲಾಗಲಿಲ್ಲ.

ಬರೋಣ ಎಂದರೆ ಬರುವಿಕೆ. ಹಳೆಯ ಕಾಲದ ಕನ್ನಡ ಅದು, ಬೇರೆಲ್ಲ ಕಡೆ ಸವೆದುಹೋಗಿ ನಮ್ಮ ಚರ್ಚುಗಳಲ್ಲಿ ಉಳಿದುಕೊಂಡಿದೆ. ಎರಡನೆಯ ಬರೋಣ ಎಂದರೆ ಕರ್ತನು ಮತ್ತೊಮ್ಮೆ ಬರುವುದು. ಮೊದಲ ಸಲ ಕತ್ತೆಯ ಮೇಲೆ ಊರೊಳಗೆ ಬಂದವನು, ಜನ ಬಟ್ಟೆ ಹಾಸಿ ಕುಣಿದದ್ದು, ಆಮೇಲೆ ಅವನನ್ನು ಕೊಂದದ್ದು, ಎರಡನೆಯ ಸಲ ಅವನು ಬಿಳಿ ಕುದುರೆಯ ಮೇಲೆ ಬರುವುದು. ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬೆಳೆದವಳು ನಾನು. ಸಂಡೇ ಸ್ಕೂಲಿನಲ್ಲಿ ಬಹುಮಾನಕ್ಕೆ ಸ್ಟೀಲ್ ಡಬ್ಬಿ ತಗೊಂಡವಳು. ಹಾರನ್ನು ಯಾವ ಪದವನ್ನೂ ನುಂಗಿರಲಿಲ್ಲ. ಅವರು ನನ್ನನ್ನು ಎಲ್ಲಿಗೂ ಕರೆದಿರಲಿಲ್ಲ. ಟೀ ಕುಡಿಯಲು ಹೊತ್ತಿಲ್ಲವೆಂದು, ವ್ಯಾನು ಹತ್ತುವ ಅವಸರದಲ್ಲಿ, ತಾವು ಕಂಡದ್ದನ್ನು ಎರಡೇ ಮಾತಿನಲ್ಲಿ ಹೇಳಿಯೇ ಹೋಗಿದ್ದರು.

"ದಯಾವತಿಯಮ್ಮಾ" ಎಂದು ಅಯ್ಯನವರು ಕರೆದರು. "ಸಾಕ್ಷಿ."

ಮುಂದೆ ಹೋಗಿ ನಿಂತೆ. ಕತ್ತೆಯ ವಿಷಯ ಹೇಳಿದೆ. ಒಗೆದ ಬಟ್ಟೆ ಬೀಸಿದ್ದು, ಇಂಟರ್‌ವಲ್ಲಿಗೆ ಮುಂಚಿನ ಕೊಲೆ, ಅವನು ಬರುತ್ತಾನೆಂದು ಕೇರಿಯವರು ಕಾದದ್ದು, ಫ್ಲೈಓವರ್ ಮೇಲೆ ಬಿಳಿ ಕುದುರೆ. ಕುದುರೆ ಎನ್ನುವಷ್ಟರಲ್ಲಿ ಚಾಪೆಯ ಮೇಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಆಗಲೇ ಹೊಳೆದುಬಿಟ್ಟಿತ್ತು. ನನಗೆ ಒಂದು ವರ್ಷ ಹಿಡಿದದ್ದು ಅವರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

"ವ್ಯಾನ್ ಹತ್ತುವಾಗ ನಮ್ಮೋರು ನಂಗೆ ಹೇಳಿದ್ರು, ಎರಡನೇ ಬರೋಣ ಕಣೇ ದಯಾ, ಅಂತ" ಎಂದೆ. "ನಾನು ಸಿನಿಮಾಕ್ಕೆ ಇನ್ನೊಂದ್ಸಲ ಬರೋಣ ಅಂತಿದಾರೆ ಅಂದ್ಕೊಂಡು ಬೈದೆ."

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಐಸಾಕಪ್ಪನವರು ನಗಲಿಲ್ಲ. ಈಸಿಚೇರಿನಲ್ಲಿ ಮುಂದಕ್ಕೆ ಬಾಗಿ, "ಏನಂತ ಬೈದೆಯಮ್ಮಾ?" ಎಂದು ಕೇಳಿದರು.

ಹೇಳಲು ಬಾಯಿ ತೆಗೆದೆ. ಅವತ್ತು ಅವರು ಹಾಗೆ ನಕ್ಕದ್ದು ಯಾಕೆ ಎಂಬುದು ನನಗೆ ತಿಳಿದದ್ದು ಅಲ್ಲಿ, ಅಷ್ಟು ಜನರ ಮುಂದೆ, ಆ ಮಾತನ್ನು ಮತ್ತೆ ಆಡಬೇಕಾಗಿ ಬಂದಾಗ.

"ಬರೋದಾದ್ರೆ ನೀವೇ ಬನ್ನಿ ಅಂದೆ" ಎಂದೆ.

ಎರಡನೆಯ ಬರೋಣ ಎಂದವರಿಗೆ ಕೊಡಬೇಕಾದ ಉತ್ತರ "ಬಾ" ಎಂಬುದೊಂದೇ, ನಾನು ಬಹುವಚನ ಸೇರಿಸಿ ಕೊಟ್ಟಿದ್ದೆ ಅಷ್ಟೆ. ಸಭೆಯಲ್ಲಿ ಪ್ರತಿ ಭಾನುವಾರ ಅರ್ಥ ನೋಡದೆ ಅನ್ನುವ ಮಾತನ್ನು ಅವತ್ತು ಜಾಲಹಳ್ಳಿ ಕ್ರಾಸಿನಲ್ಲಿ, ಅರ್ಥ ಗೊತ್ತಿಲ್ಲದೆಯೇ, ಸಿಟ್ಟಿನಿಂದ, ಹೊಟ್ಟೆಯಾಳದಿಂದ ಕೂಗಿ ಹೇಳಿದ್ದೆ. ಅದನ್ನು ಕೇಳಿ ಅವರು ಬಾಗಿಲು ಹಿಡಿದುಕೊಂಡು ನಕ್ಕಿದ್ದರು.

ಐಸಾಕಪ್ಪನವರು ಕನ್ನಡಕ ತೆಗೆದರು. ಅದನ್ನು ಅಂಗಿಯ ತುದಿಯಿಂದ ಒರೆಸುತ್ತಾ, ಯಾರೂ ಹೇಳಿಕೊಡದೆ, ತಾವೊಬ್ಬರೇ ಮೆಲ್ಲಗೆ "ಬಾ, ಕರ್ತನೇ" ಎಂದರು. ಉಳಿದವರೂ ಅಂದರು. ಹೊಸ್ತಿಲಲ್ಲಿ ಕೂತಿದ್ದ ಸಿದ್ದಕ್ಕ ಎಲ್ಲರೂ ಕರೆಯುತ್ತಿದ್ದಾರಲ್ಲ, ಯಾರೋ ದೊಡ್ಡವರಿರಬೇಕು ಎಂದು ತಾನೂ ಕೈಮುಗಿದು "ಬಾರಪ್ಪಾ" ಎಂದಳು.

ಕೇಸರಿಬಾತು, ಖಾರಾ ಬೂಂದಿ, ಟೀ ಆದ ಮೇಲೆ ಒಬ್ಬೊಬ್ಬರೇ ಹೊರಟರು. ಹುಡುಗರು ಮೆಟ್ಟಿಲಿಳಿಯುವಾಗಲೂ ಕುದುರೆಯ ಮಾತೇ ಆಡುತ್ತಿದ್ದರು. ಸಿದ್ದಕ್ಕ ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿ, "ಬರ್ತೀನ್ರೀ ಅಕ್ಕಾರ" ಎಂದಳು. "ಬಾ" ಎಂದೆ. ಅವಳ ಮನೆಯ ಬಾಗಿಲು ತೆರೆದು ಮುಚ್ಚಿದ್ದು ಗೋಡೆಯಾಚೆ ಕೇಳಿಸಿತು.

ಮನೆ ಮತ್ತೆ ಎಂದಿನ ಹಾಗಾಯಿತು. ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಗೋಡೆಗೆ ಇಟ್ಟೆ, ಚಾಪೆ ಸುತ್ತಿದೆ. ಈಸಿಚೇರನ್ನು ಅದರ ಜಾಗಕ್ಕೆ ಎಳೆದು, ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆಗ ನಗು ಬಂತು.

ಮೊದಲು ಸಣ್ಣಗೆ, ಆಮೇಲೆ ತಡೆಯಲಾರದಷ್ಟು. ಟೋಲ್ ವಿಷಯ ನೆನಪಾಗಿ ಇನ್ನೂ ಜಾಸ್ತಿಯಾಯಿತು. ಎಂಥ ತಮಾಷೆ ಅದು. ಇಬ್ಬರು ಸೇರಿ ನಗಬೇಕಾದ ತಮಾಷೆ. ಅವರ ಪಾಲಿನದನ್ನು ಅವರು ವ್ಯಾನಿನ ಬಾಗಿಲಲ್ಲೇ ನಕ್ಕು ಮುಗಿಸಿ ಹೋಗಿದ್ದರು, ನನ್ನ ಪಾಲಿನದು ಇಷ್ಟು ದಿನ ಹಾಗೆಯೇ ಉಳಿದಿತ್ತು. ನಗುತ್ತಾ ನಗುತ್ತಾ ಅವರನ್ನು ತಿವಿಯಲು ನನ್ನ ಮೊಣಕೈ ತಾನಾಗಿ ಪಕ್ಕಕ್ಕೆ ಹೋಯಿತು. ಈಸಿಚೇರಿನ ಬಟ್ಟೆ ಒಳಕ್ಕೆ ಹೋಗಿ ವಾಪಸ್ಸು ಬಂತು, ಅಷ್ಟೆ.

"ಬನ್ನಿ" ಎಂದೆ. ಈ ಸಲ ಅರ್ಥ ಗೊತ್ತಿದ್ದೇ ಅಂದೆ.